ಮೂವತ್ತನೇ ದಿನದ ಫೋನು

ಆಪರೇಷನ್ ಆದ ಮೂವತ್ತನೇ ದಿನಕ್ಕೆ ಸರಿಯಾಗಿ ಅರುಣಾಳ ಫೋನು ಹೋಗುತ್ತಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಯಾವ ಹೆಂಗಸು ಯಾವ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸಿಕೊಂಡರೂ ಅವಳ ಹೆಸರು, ವಯಸ್ಸು, ಪುಕ್ಕಟೆ ಚಿಕಿತ್ಸೆಯ ಆರೋಗ್ಯ ಕಾರ್ಡಿನ ನಂಬರು ಎಲ್ಲಾ ಬಂದು ಮೆಡಿಕಲ್ ಕಾಲೇಜಿನ ಎರಡನೇ ಮಹಡಿಯ ಒಂದು ಕಂಪ್ಯೂಟರಿನಲ್ಲಿ ಬೀಳುತ್ತಿತ್ತು. ಆರು ವರ್ಷದಲ್ಲಿ ಹದಿನೆಂಟು ಸಾವಿರ ಹೆಂಗಸರು ಅಲ್ಲಿ ಸೇರಿದ್ದರು. ಯಾವ ಆಸ್ಪತ್ರೆಯಲ್ಲಿ ಎಷ್ಟು ಜನ ಚೇತರಿಸಿಕೊಂಡರು, ಎಷ್ಟು ಜನಕ್ಕೆ ಹೊಲಿಗೆ ಕೀವಾಯಿತು, ಎಷ್ಟು ಜನ ಸತ್ತರು ಎಂದು ನೋಡುವುದು ಡಾಕ್ಟರ್ ಗುರುಬಸವರಾಜ್ ಅವರ ಅಧ್ಯಯನ. ಫೋನು ಮಾಡಿ ಕೇಳುವುದು, ಕೇಳಿದ್ದನ್ನು ತುಂಬುವುದು, ತಿಂಗಳ ಕೊನೆಗೆ ಅದರ ಒಂದು ಪ್ರತಿಯನ್ನು ಸರ್ಕಾರದ ಕಾರ್ಡಿನ ಕಚೇರಿಗೆ ಕಳಿಸುವುದು ಅರುಣಾಳ ಕೆಲಸ.

ಕೆಲಸದಲ್ಲಿ ಅವಳು ಚುರುಕು. ಹನ್ನೊಂದು ಗಂಟೆಯ ಚಹಾ ಬರುವುದರೊಳಗೆ ನಲವತ್ತು ಫೋನು ಮುಗಿಸುತ್ತಿದ್ದಳು. "ನಮಸ್ಕಾರ ಅಕ್ಕಾರೆ, ಮೆಡಿಕಲ್ ಕಾಲೇಜಿಂದ ಮಾತಾಡಾದು. ಈಗ ಹೆಂಗದೀರಿ? ಜ್ವರ ಗಿರ ಐತಾ? ಹೊಲಿಗೆ ಒಣಗೈತಾ?" ಎಂದು ಒಂದೇ ಉಸಿರಿಗೆ ಕೇಳುವಳು. ಆ ಕಡೆಯಿಂದ "ಆರಾಮದೀನಿ" ಎಂದು ಬರುವುದೇ ತಡ, "ಜೀವಂತ" ಎಂಬ ಚೌಕಕ್ಕೆ ಒಂದು ಗುರುತು ಬಿದ್ದು ಮುಂದಿನ ನಂಬರು ಹೋಗುತ್ತಿತ್ತು. ಹಳ್ಳಿಯ ಹೆಂಗಸರಿಗೆ ಅವರಂತೆಯೇ ಮಾತಾಡಿ ಬಾಯಿ ಬಿಡಿಸುವುದು ತನ್ನೊಬ್ಬಳಿಗೇ ಬರುತ್ತದೆ ಎಂಬ ಜಂಬವೂ ಅವಳಿಗಿತ್ತು. ಚನ್ನಗಿರಿಯ ಮಗಳು, ಇರಲಿ ಬಿಡಿ, ಅಷ್ಟು ಜಂಬ ತಪ್ಪಲ್ಲ.

ಆ ಜಂಬಕ್ಕೆ ಪೆಟ್ಟು ಬಿದ್ದದ್ದು ಜನವರಿಯಲ್ಲಿ. ಡಾಕ್ಟರು ಅವಳನ್ನು ಕರೆದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಅದೊಂದು ಖಾಸಗಿ ನರ್ಸಿಂಗ್ ಹೋಂ. ಆರು ವರ್ಷದಲ್ಲಿ ಅಲ್ಲಿ ಸಾವಿರದ ಮುನ್ನೂರು ಆಪರೇಷನ್ ಆಗಿದ್ದವು. ಸಾವು ಸೊನ್ನೆ.

"ಬೇರೆ ಕಡೆ ಸಾವಿರಕ್ಕೆ ಒಬ್ಬರೋ ಇಬ್ಬರೋ ಹೋಗ್ತಾರೆ. ಇಲ್ಲಿ ಒಬ್ಬರೂ ಇಲ್ಲ" ಎಂದರು.

"ಒಳ್ಳೇ ಡಾಕ್ಟರು ಇರಬೇಕು ಸರ್."

"ಇರಬಹುದು. ಆದರೆ ಸೊನ್ನೆ ಅಂದ್ರೆ ನನಗೆ ನಂಬಿಕೆ ಬರಲ್ಲ ಅರುಣಾ. ಫೋನು ಬೇಡ, ಇಪ್ಪತ್ತು ಮನೆಗೆ ನೀವೇ ಹೋಗಿ ನೋಡಿ ಬನ್ನಿ."

ತನ್ನ ಫೋನಿನ ಮೇಲೆ ಅನುಮಾನ ಪಟ್ಟರಲ್ಲ ಎಂದು ಅರುಣಾಳ ಮುಖ ಸಣ್ಣದಾಯಿತು. ಆದರೂ ಮಾರನೇ ದಿನದಿಂದಲೇ ಬಸ್ಸು ಹತ್ತಿದಳು. ಆರು ಮನೆ ನೋಡಿದಳು, ಆರೂ ಹೆಂಗಸರು ಎದ್ದು ಓಡಾಡಿಕೊಂಡಿದ್ದರು. ನೋಡಿದಿರಾ ಸರ್ ಎಂದು ಮನಸ್ಸಿನಲ್ಲೇ ಬೀಗಿದಳು. ಏಳನೆಯದು ಬಿಳಿಚೋಡಿನ ಆಚೆಗಿನ ಒಂದು ಹಟ್ಟಿ. ಹೆಸರು ಲಕ್ಷ್ಮಿದೇವಿ, ವಯಸ್ಸು ನಲವತ್ತೊಂದು, ಆಪರೇಷನ್ ಆಗಿ ಮೂರು ವರ್ಷ.

ಲಕ್ಷ್ಮಿದೇವಿ ಕುರಿರೊಪ್ಪದ ಪಕ್ಕದ ಕಟ್ಟೆಯ ಮೇಲೆ ಮಡಚಿದ ಗೋಣಿಚೀಲ ಹಾಕಿಕೊಂಡು ಕೂತಿದ್ದಳು. ಗಂಡ ಹನುಮಣ್ಣ ಕುರಿ ಹೊಡೆದುಕೊಂಡು ಹೋಗಿದ್ದ. ಇಬ್ಬರು ಗಂಡುಮಕ್ಕಳು ಮೆಕ್ಕೆಜೋಳದ ರಾಶಿಗೆ ಕೂಲಿ ಹೋಗಿದ್ದರು. ಎದ್ದು ನೀರು ತರಲು ಹೊರಟವಳು ಗೋಡೆ ಹಿಡಿದುಕೊಂಡು ಹೋದಳು, ಗೋಡೆ ಹಿಡಿದುಕೊಂಡೇ ಬಂದಳು. ಬಿಸಿಲಲ್ಲಿ ಅವಳ ತುಟಿ ಸುಣ್ಣ ಬಳಿದಂತಿತ್ತು.

"ಆರಾಮದೀರಾ ಅಕ್ಕಾರೆ?"

"ಆರಾಮದೀನಿ."

"ಜ್ವರ?"

"ಇಲ್ಲ."

"ರಕ್ತ ಗಿಕ್ತ ಹೋಗುತ್ತಾ?"

"ಇಲ್ರೀ."

ಆಗ ಗಾಳಿ ಬೀಸಿತು. ಬೇಲಿಯ ಮೇಲೆ ಒಣಗಲು ಹಾಕಿದ್ದ ಹಳೇ ಸೀರೆ ಮೇಲೆದ್ದು ಅದರ ಮರೆಯಲ್ಲಿದ್ದ ಬಟ್ಟೆತುಂಡುಗಳು ಕಂಡವು. ಹತ್ತೋ ಹನ್ನೆರಡೋ ಇದ್ದವು. ಎಷ್ಟು ತಿಕ್ಕಿ ಒಗೆದರೂ ಹೋಗದ ಕಂದು ಕಲೆ. ಸೀರೆಯ ಮರೆಯಲ್ಲಿ ಅಂಥ ಬಟ್ಟೆ ಒಣಗಿಸುವುದು ಏನೆಂದು ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಈ ಮನೆಯಲ್ಲಿ ಬೇರೆ ಹೆಂಗಸಿಲ್ಲ. ಮೂರು ವರ್ಷದ ಹಿಂದೆಯೇ ಗರ್ಭಕೋಶ ತೆಗೆಸಿಕೊಂಡವಳಿಗೆ ಈ ಬಟ್ಟೆ ಯಾಕೆ ಬೇಕು?

"ಅಕ್ಕಾರೆ, ಹೊಲಿಗೆ ಗಾಯ ಒಂದ್ಸಲ ತೋರಿಸ್ರಿ" ಎಂದಳು ಅರುಣಾ.

ಲಕ್ಷ್ಮಿದೇವಿ ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಆಮೇಲೆ ಒಮ್ಮೆಲೇ ಅಳು ಬಂತು.

"ನಂಗೆಲ್ಲಿ ಗಾಯ ಐತೆ ತಾಯಿ? ಕುಯ್ಸಿಕೊಂಡೋಳು ಚೌಡಕ್ಕ."

ಚೌಡಕ್ಕ ಅವಳ ವಾರಗಿತ್ತಿ, ಹನುಮಣ್ಣನ ತಮ್ಮ ದುರುಗೇಶನ ಹೆಂಡತಿ. ಮದುವೆಯಾದ ಮೇಲೆ ಅವಳ ಹೆಸರನ್ನು ತವರಿನ ಕಾರ್ಡಿನಿಂದ ತೆಗೆದರು, ಗಂಡನ ಮನೆಯ ಕಾರ್ಡಿಗೆ ಸೇರಿಸುವುದು ಮಾತ್ರ ಆಗಲೇ ಇಲ್ಲ. ಇಂದು ಬಾ, ನಾಳೆ ಬಾ ಎಂದು ಜಗಳೂರಿಗೆ ಅಲೆದು ಚಪ್ಪಲಿ ಸವೆಯಿತು. ಅಷ್ಟರಲ್ಲಿ ಹೊಟ್ಟೆಯಲ್ಲಿ ಗಡ್ಡೆ ಎಂದರು. ಮದುವೆಗೆ ಹೋಗುವಾಗ ಕೊರಳ ಸರ ಬಿಚ್ಚಿ ಕೊಟ್ಟ ಹಾಗೆ ಲಕ್ಷ್ಮಿದೇವಿ ತನ್ನ ಕಾರ್ಡನ್ನು ಕೊಟ್ಟಳು. ವಾರಗಿತ್ತಿಯರ ನಡುವೆ ಸೀರೆ, ಸರ, ಚಪ್ಪಲಿ ಎಲ್ಲವೂ ಹೀಗೆಯೇ ಹೋಗಿ ಬರುತ್ತಿದ್ದವು, ಕಾರ್ಡು ಮಾತ್ರ ಬೇರೆ ಎಂದು ಯಾರಿಗೂ ಅನಿಸಲಿಲ್ಲ.

"ಸೆರಗು ಹೊದ್ರೆ ಇಬ್ರೂ ಒಂದೇ ತರ ಕಾಣ್ತೀರಿ ಅಂತ ಊರೋರೇ ಅನ್ನೋರು. ಫೋನಿಗೆ ಬಂದ ನಂಬರ್ ಹೇಳಿದ್ವಿ, ಒಳಗೆ ಕರಕೊಂಡ್ರು. ಎಂಟನೇ ದಿನಕ್ಕೆ ಹೊಟ್ಟೆ ಉಬ್ಬಿ ಕಲ್ಲಾತು. ಜ್ವರ ಸುಡಾದು. ಆವಾಗ ಅವರು, ಇನ್ನಾ ಉಸಿರೈತೆ, ಮನೀಗೆ ಕರಕೊಂಡು ಹೋಗ್ರಿ, ಇಲ್ಲೇ ಹೋದ್ರೆ ನಿಮಗೇ ಕಷ್ಟ ಆಗುತ್ತೆ ಅಂದ್ರು. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ಟೆಂಪೋದಾಗೆ ನನ್ನ ತೊಡೆ ಮ್ಯಾಲೇ ತಲೆ ಇಟ್ಟಿದ್ಲು. ಹಟ್ಟಿಗೆ ಬಂದು ಒಂದು ಗಂಟೆ ಇದ್ಲು, ಅಷ್ಟೇ."

ಅರುಣಾಳಿಗೆ ಆ ಸಾಲು ನೆನಪಿತ್ತು. "ಕುಟುಂಬದವರ ಕೋರಿಕೆಯ ಮೇರೆಗೆ ಬಿಡುಗಡೆ." ಆ ನರ್ಸಿಂಗ್ ಹೋಂನಿಂದ ಬರುವ ಕಾಗದಗಳಲ್ಲಿ ಅಂಥವು ಎಷ್ಟೋ ಇದ್ದವು. ಮನೆಯವರು ಆತುರದವರು ಇರಬೇಕು ಎಂದುಕೊಂಡಿದ್ದಳು.

"ಮತ್ತೆ ನಾನು ಫೋನ್ ಮಾಡಿದಾಗ?"

"ಯಾವಳೋ ಒಬ್ಳು ಹುಡುಗಿ ಫೋನ್ ಮಾಡಿದ್ಲು. ಲಕ್ಷ್ಮಿದೇವಮ್ಮ ಹೆಂಗದೀರಿ ಅಂದ್ಲು. ಚೌಡಕ್ಕ ಹೋಗಿ ಇಪ್ಪತ್ತೆರಡು ದಿನ ಆಗಿತ್ತು. ನನ್ನ ಹೆಸರು ಹಿಡಿದು ಕೇಳಿದ್ರೆ ನಾನೇನ್ ಹೇಳ್ಲಿ? ಆರಾಮದೀನಿ ಅಂದೆ. ಅದು ನೀವೇನಾ?"

ಅರುಣಾ ತಲೆಯಾಡಿಸಿದಳು. ಅವಳಿಗೆ ನಾಚಿಕೆಯಾಗಿತ್ತು, ನೆಲ ಬಾಯಿ ಬಿಟ್ಟರೆ ಒಳಗಿಳಿದುಬಿಡುವಷ್ಟು.

ಮಿಕ್ಕಿದ್ದನ್ನೂ ಲಕ್ಷ್ಮಿದೇವಿ ಹೇಳಿದಳು. ಎಂಟು ತಿಂಗಳಿಂದ ಅವಳಿಗೂ ರಕ್ತಸ್ರಾವ. ನ್ಯಾಮತಿ ಕಡೆ ಕೊಟ್ಟಿರುವ ಅಕ್ಕ ಉಚ್ಚಂಗೆಮ್ಮ ಬಂದು ಹತ್ತು ದಿನ ಇದ್ದು ನೀರು ಹೊತ್ತು ಹೋಗಿದ್ದಳು. ದೊಡ್ಡಾಸ್ಪತ್ರೆಗೆ ಹೋದರೆ ಡಾಕ್ಟರು ಗರ್ಭಕೋಶ ತೆಗೆಯಲೇಬೇಕು ಎಂದರು. ಕಾರ್ಡು ನೋಡುವವನು ಮಾತ್ರ ಕಂಪ್ಯೂಟರು ನೋಡಿ ನಕ್ಕುಬಿಟ್ಟ. "ನಿಮ್ಮದು ಮೂರು ವರ್ಷದ ಹಿಂದೇನೇ ತೆಗೆದೈತಲ್ಲ, ಎರಡು ಸಲ ಹೆಂಗೆ ತೆಗೀತಾರೆ?" ನಿಜ ಹೇಳಿದರೆ ಜೈಲು, ಇಡೀ ಮನೆಯ ಕಾರ್ಡು ಹೋಗುತ್ತದೆ ಎಂದು ಹನುಮಣ್ಣ ಅವಳ ಬಾಯಿ ಮುಚ್ಚಿಸಿ ಕರೆತಂದಿದ್ದ. ಈಗ ಎರಡು ತಿಂಗಳಿಗೊಮ್ಮೆ ಜಗಳೂರಿನಲ್ಲಿ ಅದೇ ಕಾರ್ಡಿನ ಮೇಲೆ ರಕ್ತ ಹಾಕಿಸಿಕೊಂಡು ಹೇಗೋ ಉಸಿರಾಡುತ್ತಿದ್ದಳು.

"ನಾನು ಸರಿ ಮಾಡಿಸ್ತೀನಿ ಅಕ್ಕಾರೆ" ಎಂದಳು ಅರುಣಾ. "ನನ್ನ ಮೇಲೆ ಬಿಡ್ರಿ."

ಕಾಲೇಜಿಗೆ ಬಂದವಳೇ ಕಂಪ್ಯೂಟರಿನಲ್ಲಿ ಲಕ್ಷ್ಮಿದೇವಿಯ ಹಳೇ ಸಾಲು ತೆರೆದು ನೋಡಿದಳು. ಫೋನಿನ ಅವಧಿ ಕೂಡ ಅಲ್ಲಿ ದಾಖಲಾಗಿತ್ತು. ಇಪ್ಪತ್ತೆರಡು ಸೆಕೆಂಡು.

ಡಾಕ್ಟರ್ ಗುರುಬಸವರಾಜ್ ಕೆಟ್ಟ ಮನುಷ್ಯರಲ್ಲ. ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಆಪರೇಷನ್ ಆದವಳು ಸತ್ತಿದ್ದಾಳೆ ಅಂದ ಮೇಲೆ ಆ ಸಾಲು ಸಾವು ಅಂತಲೇ ಆಗಬೇಕು. ತಿದ್ದಿ. ಹೆಸರಿನ ವಿಷಯಕ್ಕೆ ನಾನು ಕಾರ್ಡಿನ ಕಚೇರಿಗೆ ಪತ್ರ ಬರೀತೀನಿ, ಆ ತಾಯಿಗೆ ಆಪರೇಷನ್ ಆಗೋ ಹಾಗೆ ಮಾಡೋಣ" ಎಂದರು. ಅರುಣಾ "ಜೀವಂತ" ಅಳಿಸಿ "ಮೃತ" ಎಂದು ಗುರುತು ಹಾಕಿದಳು. ಚೌಡಕ್ಕನ ಸಾವಿಗೆ ಕೊನೆಗೂ ಒಂದು ಜಾಗ ಸಿಕ್ಕಿತೆಂದು ಅವಳ ಎದೆ ಹಗುರಾಯಿತು. ತಿಂಗಳ ಕೊನೆಗೆ ಎಂದಿನಂತೆ ಪಟ್ಟಿಯ ಪ್ರತಿಯನ್ನು ಕಾರ್ಡಿನ ಕಚೇರಿಗೆ ಕಳಿಸಿದಳು.

ಇಲ್ಲಿಯೇ ಆದದ್ದು ಅನಾಹುತ. ಆರು ವರ್ಷ ಅದೇ ಕೆಲಸ ಮಾಡಿದವಳಿಗೆ ಆ ಒಂದು ದಿನ ತಲೆ ಓಡಲಿಲ್ಲ ಎಂದರೆ ಏನು ಹೇಳುವುದು! ಆ ಸಾಲಿನಲ್ಲಿ ಚೌಡಕ್ಕನ ಹೆಸರು ಎಲ್ಲಿತ್ತು? ಇದ್ದದ್ದು ಲಕ್ಷ್ಮಿದೇವಿಯ ಹೆಸರು, ಲಕ್ಷ್ಮಿದೇವಿಯ ಕಾರ್ಡಿನ ನಂಬರು. ಡಾಕ್ಟರ ಪತ್ರ ಯಾವುದೋ ಮೇಜಿನ ಮೇಲೆ ಮಲಗಿತ್ತು. ಪಟ್ಟಿ ಮಾತ್ರ ಯಾರ ಮೇಜಿನ ಮೇಲೂ ನಿಲ್ಲದೆ ನೇರ ಕಂಪ್ಯೂಟರಿನೊಳಗೆ ಹೋಯಿತು.

ಮಾರ್ಚಿನ ಎರಡನೇ ವಾರ ಅರುಣಾಳ ಮೊಬೈಲಿಗೆ ಲಕ್ಷ್ಮಿದೇವಿ ಫೋನು ಮಾಡಿದಳು. ಮಾತಿಗಿಂತ ಉಸಿರೇ ಹೆಚ್ಚು ಕೇಳುತ್ತಿತ್ತು.

"ರಕ್ತ ಹಾಕಿಸ್ಕೊಳ್ಳಾಕೆ ಬಂದಿದ್ದೆ ತಾಯಿ. ಕಾರ್ಡು ಬಂದ್ ಆಗೈತಂತೆ. ನೀವು ಸತ್ತೋಗೀರಿ ಅಂತಾರೆ. ಇಲ್ಲೇ ನಿಂತೀನಲ್ರೀ ಅಂದ್ರೆ, ಕಂಪ್ಯೂಟರಿನಾಗೆ ಹಂಗೈತೆ ಅಂತಾರೆ."

ಅರುಣಾ ಕೂಡಲೇ ಸಾಲು ತೆರೆದು "ಮೃತ" ಅಳಿಸಲು ನೋಡಿದಳು, ಅಳಿಯಲಿಲ್ಲ. ಬದುಕಿದ್ದವರನ್ನು ಸತ್ತರೆಂದು ತಿದ್ದಲು ಅಲ್ಲಿ ಅವಕಾಶವಿತ್ತು, ಸತ್ತರೆಂದು ಬರೆದವರನ್ನು ಬದುಕಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಕಾರ್ಡಿನ ಕಚೇರಿಗೆ ಓಡಿದಳು. ಅಲ್ಲಿಯ ಗುಮಾಸ್ತ ಮುಖ ಎತ್ತದೆ ಹೇಳಿದ: ಆ ಹೆಂಗಸೇ ಬರಬೇಕು, ಗಂಡನೂ ಬರಬೇಕು, ಈ ಕಾರ್ಡಿನ ಮೇಲೆ ಆಪರೇಷನ್ ಆದವರು ಯಾರು ಎಂದು ಪ್ರಮಾಣಪತ್ರ ಬರೆದುಕೊಡಬೇಕು, ಆಮೇಲೆ ವಿಚಾರಣೆ.

ಅವಳು ಮತ್ತೆ ಹಟ್ಟಿಗೆ ಹೋದಳು. ಈ ಸಲ ಹನುಮಣ್ಣ ಮನೆಯಲ್ಲಿದ್ದ. ಕಾಲಲ್ಲಿ ಜಾಲಿಮುಳ್ಳು ಮುರಿದು ಕೂತಿದ್ದು, ಅದನ್ನು ತೆಗೆಯುತ್ತಾ ಅವಳ ಮಾತನ್ನೆಲ್ಲ ಕೇಳಿದ.

"ಹೆಬ್ಬೆಟ್ಟು ಒತ್ತಿದ್ರೆ ನಾನು ಒಳಗೆ, ನನ್ನ ತಮ್ಮ ಒಳಗೆ. ಅದನ್ನಾ ನೀವು ಹೇಳಾಕೆ ಬಂದಿರಾದು?"

"ಹಂಗಾಗದಂಗೆ ನಮ್ಮ ಡಾಕ್ಟರು ಮಾತಾಡ್ತಾರೆ ಅಣ್ಣಾರೆ. ಕಾರ್ಡು ಬ್ಯಾಡ, ಏನೂ ಬ್ಯಾಡ. ನಮ್ಮ ಕಾಲೇಜಿಗೇ ಕರಕೊಂಡು ಬರ್ರಿ, ಆಪರೇಷನ್ ಮಾಡ್ಸಾಣ."

ಅದು ಸುಳ್ಳಲ್ಲ. ಡಾಕ್ಟರು ತಮ್ಮ ಕೈಯಿಂದಾದರೂ ಮಾಡಿಸುತ್ತೇನೆ ಎಂದಿದ್ದರು. ಹನುಮಣ್ಣ ಮುಳ್ಳನ್ನು ಬದಿಗೆಸೆದು ಎದ್ದು ನಿಂತ.

"ನೋಡಮ್ಮ, ನೀನು ಕೇಳಿದ್ದಕ್ಕೆ ನನ್ನ ಹೆಂಡ್ತಿ ನಿಜ ಹೇಳಿದ್ಲು. ನೀನು ಹೋಗಿ ಅವಳನ್ನ ಸತ್ಲು ಅಂತ ಬರೆದೆ. ರಕ್ತನಾದ್ರೂ ಸಿಗ್ತಿತ್ತು, ಅದನ್ನೂ ನಿಲ್ಲಿಸಿದೆ. ಇನ್ನ ನಿಮ್ಮ ಕಾಲೇಜಿಗೆ ಬಂದ್ರೆ ಏನೇನು ಬರೀತೀರೋ. ನಿಮ್ಮ ಸಾವಾಸ ಸಾಕು. ಹೊರಡು."

ಒಳಗೆ ಚಾಪೆಯ ಮೇಲಿಂದ ಲಕ್ಷ್ಮಿದೇವಿ, "ಹಂಗೆಲ್ಲ ಅನ್ಬ್ಯಾಡ್ರಿ, ಪಾಪ, ಒಳ್ಳೇದು ಮಾಡಾಕೆ ಹೋಗೈತೆ" ಎಂದಳು. ಅದನ್ನು ಕೇಳಿ ಅರುಣಾಳಿಗೆ ಹನುಮಣ್ಣನ ಬೈಗುಳವೇ ವಾಸಿ ಅನಿಸಿತು. ಅವಳು ಬಾಗಿಲ ಬಳಿ ಇನ್ನೂ ಸ್ವಲ್ಪ ಹೊತ್ತು ನಿಂತಳು. ಅವನು ಬಾಗಿಲು ಹಾಕಿಕೊಂಡ. ಮರುದಿನದಿಂದ ಅರುಣಾ ಎಷ್ಟು ಸಲ ಮಾಡಿದರೂ ಅವರ ಫೋನು ಹತ್ತಲೇ ಇಲ್ಲ. ಎರಡು ಸಲ ಡಾಕ್ಟರೇ ಫೋನು ಮಾಡಿ ನೋಡಿದರು, ಅದನ್ನೂ ಅವರು ಎತ್ತಲಿಲ್ಲ.

ಏಪ್ರಿಲ್ ಕಳೆಯಿತು. ಉಳಿದ ಹದಿಮೂರು ಮನೆಗಳಿಗೂ ಅರುಣಾ ಹೋದಳು. ಜಗಳೂರಿನ ಸುದ್ದಿ ಅವಳಿಗಿಂತ ಮೊದಲೇ ಊರೂರು ತಲುಪಿತ್ತು. ಆಪರೇಷನ್ ಬಗ್ಗೆ ಕೇಳಾಕೆ ಒಬ್ಳು ಬರ್ತಾಳೆ, ಬಾಯಿ ಬಿಟ್ಟರೆ ಕಾರ್ಡು ಹೋಗುತ್ತೆ ಎಂಬುದು ಆ ಸುದ್ದಿ. ಸೂಳೆಕೆರೆಯ ದಂಡೆಯ ಊರಲ್ಲಿ ಒಬ್ಬಳು ಕಿಟಕಿಯಿಂದಲೇ "ಆರಾಮದೀನಿ, ಆರಾಮದೀನಿ" ಎಂದು ಕೂಗಿ ಒಳಗೆ ಹೋದಳು. ಅವಳು ಕಾರ್ಡಿನವಳೋ, ಕುಯ್ಸಿಕೊಂಡವಳೋ, ದೇವರೇ ಬಲ್ಲ. ಹದಿಮೂರೂ "ಜೀವಂತ" ಎಂದೇ ಉಳಿದವು.

ಮೇ ಕೊನೆಯ ವಾರ ಮೂವತ್ತನೇ ದಿನದ ಪಟ್ಟಿಯಲ್ಲಿ ಒಂದು ಹೆಸರು ಬಂತು. ಉಚ್ಚಂಗೆಮ್ಮ, ವಯಸ್ಸು ನಲವತ್ತಾರು, ನ್ಯಾಮತಿ ತಾಲ್ಲೂಕು. ಆಸ್ಪತ್ರೆ ಅದೇ ನರ್ಸಿಂಗ್ ಹೋಂ. ಒಂಬತ್ತನೇ ದಿನ ಕುಟುಂಬದವರ ಕೋರಿಕೆಯ ಮೇರೆಗೆ ಬಿಡುಗಡೆ. ಜೊತೆಗಿದ್ದವರು ಎಂಬ ಕಡೆ: ಹನುಮಣ್ಣ, ತಂಗಿಯ ಗಂಡ.

ಅರುಣಾ ಆ ಸಾಲನ್ನು ಮೂರು ಸಲ ಓದಿದಳು. ಕಾರ್ಡು ಅಕ್ಕನದು, ಹೊಟ್ಟೆ ತಂಗಿಯದು. ಅದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಮನೆಗೆ ಹೋದ ಮೇಲೆ ಎಷ್ಟೋ ಜನ ಉಳಿದುಕೊಂಡಿದ್ದಾರೆ, ಈಕೆಯೂ ಉಳಿದಿರಬಹುದು, ದೇವರೇ ಉಳಿದಿರಲಿ ಎಂದುಕೊಳ್ಳುತ್ತಾ ಆಫೀಸಿನ ಫೋನಿನಿಂದ ನಂಬರು ಒತ್ತಿದಳು.

"ಉಚ್ಚಂಗೆಮ್ಮಾರಾ? ಮೆಡಿಕಲ್ ಕಾಲೇಜಿಂದ. ಹೆಂಗದೀರಿ?"

"ಆರಾಮದೀನಿ." ಕಾಯ್ದುಕೊಂಡು ಕೂತಿದ್ದವಳ ಹಾಗೆ ಉತ್ತರ ಬಂತು. "ಜ್ವರ ಇಲ್ಲ. ಹೊಲಿಗೆ ಒಣಗೈತೆ. ರಕ್ತ ಏನೂ ಇಲ್ಲ."

ಇನ್ನೂ ಕೇಳದ ಪ್ರಶ್ನೆಗಳಿಗೂ ಉತ್ತರ ತಯಾರಾಗಿತ್ತು.

"ಅಕ್ಕಾರೆ, ನಾನು ಅರುಣಾ. ನಿಮ್ಮ ತಂಗಿ ಮನೀಗೆ ಬಂದಿದ್ನಲ್ಲ, ಅವಳೇ. ಲಕ್ಷ್ಮಿದೇವಕ್ಕ ಹೆಂಗದಾರೆ ಹೇಳ್ರಿ."

ಆ ಕಡೆ ಯಾರೋ ಕೊಡ ಇಳಿಸಿದ ಸದ್ದು ಕೇಳಿಸಿತು. ಆಮೇಲೆ ಉಚ್ಚಂಗೆಮ್ಮ ದನಿ ತಗ್ಗಿಸಿದಳು.

"ಬರೆಯಾದಿಲ್ಲ ಅಂತ ಹೇಳು. ಹೇಳ್ತೀನಿ."

ಅರುಣಾ ಪರದೆಯ ಕಡೆ ನೋಡಿದಳು. ಎರಡೂ ಚೌಕಗಳು ಖಾಲಿ ಇದ್ದವು.

"ಬರೆಯಲ್ಲ" ಎಂದಳು.

"ಎಂಟು ದಿನ ಚೆನ್ನಾಗೇ ಇದ್ಲು. ಒಂಬತ್ತನೇ ದಿನ ಹೊಟ್ಟೆ ಉಬ್ತು. ಉಸಿರಿರುವಾಗ್ಲೇ ಮನೀಗೆ ಒಯ್ರಿ ಅಂದ್ರು. ಚೌಡಕ್ಕಂಗೂ ಹಿಂಗೇ ಅಂದಿದ್ರು ಅಂತ ಅವಳೇ ನನ್ನ ಕೈ ಹಿಡಕಂಡು ಹೇಳಿದ್ಲು. ಗೊತ್ತಿತ್ತಮ್ಮ ಅವಳಿಗೆ. ಗಾಡಿ ಜಗಳೂರು ದಾಟಿತ್ತು, ಅಷ್ಟೇ. ಹಟ್ಟಿ ಮುಟ್ಟಲಿಲ್ಲ."

ಅರುಣಾ ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಅದೇ ಆಸ್ಪತ್ರೆಗೆ ಯಾಕೆ ಹೋದ್ರಿ ಅಕ್ಕಾರೆ?"

"ಬ್ಯಾರೆ ಕಡೆ ಫೋಟೋ ನೋಡ್ತಾರೆ, ಬೆರಳು ಒತ್ತಿಸ್ತಾರೆ. ಅಲ್ಲಿ ಕೇಳಾದಿಲ್ಲ."

"ಇದನ್ನ ಬರೆದ್ರೆ ಅವರನ್ನ ಹಿಡೀಬಹುದು ಅಕ್ಕಾರೆ. ಇಬ್ರು ಹೋದ್ರಲ್ಲ. ಇನ್ನೆಷ್ಟು ಜನ ಹೋಗೀರ್ತಾರೋ."

"ಬರೆದ್ರೆ ಯಾರ ಹೆಸರಿಗೆ ಬರೀತಿ?" ಉಚ್ಚಂಗೆಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಸತ್ತೋಳು ಅಂತ ನನ್ನ ಹೆಸರಿಗೆ ಬೀಳುತ್ತೆ. ನನ್ನ ಗಂಡಂಗೆ ವಾರಕ್ಕೆ ಎರಡು ಸಲ ಕಿಡ್ನಿ ಡಯಾಲಿಸಿಸ್ ಮಾಡ್ಸಾದು ಇದೇ ಮನೆ ಕಾರ್ಡಿನ ಮ್ಯಾಲೆ. ನೀನು ನನ್ನ ತಂಗೀನ ಒಂದ್ಸಲ ಕಂಪ್ಯೂಟರಿನಾಗೆ ಸಾಯಿಸಿದೆ, ಅವಳು ನಿಜಕ್ಕೂ ಸತ್ಲು. ನಮ್ಮನ್ನಾದ್ರೂ ಬದುಕಾಕೆ ಬಿಡವ್ವ."

ಫೋನು ಇಟ್ಟಾಯಿತು. ಸತ್ತವಳ ಹೆಸರು ಬರೆಯಲು ಆ ಸಾಲಿನಲ್ಲಿ ಜಾಗವಿರಲಿಲ್ಲ. ಒಂದು ಚೌಕ ತುಂಬದೆ ಮುಂದಿನ ಸಾಲು ತೆರೆದುಕೊಳ್ಳುತ್ತಲೂ ಇರಲಿಲ್ಲ. ಅರುಣಾ ಕಣ್ಣು ಒರೆಸಿಕೊಂಡು "ಜೀವಂತ" ಎಂಬ ಚೌಕಕ್ಕೆ ಗುರುತು ಹಾಕಿದಳು. ತೊಂದರೆ: ಇಲ್ಲ. ಜ್ವರ: ಇಲ್ಲ. ಹೊಲಿಗೆ: ಒಣಗಿದೆ.

ಮಧ್ಯಾಹ್ನ ಡಾಕ್ಟರ್ ಗುರುಬಸವರಾಜ್ ಅವಳ ಮೇಜಿನ ಬಳಿ ಬಂದರು. ಜೂನ್ ಮೊದಲ ವಾರ ಅಧ್ಯಯನದ ವರದಿ ಕೊಡಬೇಕಿತ್ತು. ಆ ನರ್ಸಿಂಗ್ ಹೋಂನ ಹಾಳೆ ಅವರ ಕೈಯಲ್ಲಿತ್ತು.

"ಜಗಳೂರಿನ ಆ ತಾಯಿ ಏನಾದರು? ಏನಾದರೂ ಗೊತ್ತಾಯ್ತಾ?"

ಅರುಣಾಳಿಗೆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಇವರು ತಿದ್ದಿ ಅನ್ನುತ್ತಾರೆ. ಒಳ್ಳೆಯ ಮನುಷ್ಯ, ಅನ್ನದೆ ಇರಲಾರರು. ನ್ಯಾಮತಿಯ ಒಬ್ಬ ಮನುಷ್ಯ ವಾರಕ್ಕೆರಡು ಸಲ ಬಸ್ಸಿಳಿದು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಅವಳ ಕಣ್ಣ ಮುಂದೆ ಬಂತು.

"ಇಲ್ಲ ಸರ್. ಫೋನ್ ಎತ್ತಲ್ಲ ಅವರು."

"ಪಾಪ" ಎಂದು ಡಾಕ್ಟರು ಹಾಳೆಯನ್ನು ಅವಳ ಮುಂದಿಟ್ಟರು. "ನೀವು ಅವತ್ತು ಹೋಗಿದ್ದು ಬಹಳ ಒಳ್ಳೇದಾಯ್ತು ಅರುಣಾ. ಸೊನ್ನೆ ಅಂತ ಕಳಿಸಿದ್ರೆ ಯಾರೂ ನಂಬ್ತಿರಲಿಲ್ಲ. ಈಗ ಸಾವಿರದ ಮುನ್ನೂರು ಚಿಲ್ಲರೆಗೆ ಒಂದು. ನಾವೇ ಮನೆಗೆ ಹೋಗಿ ನೋಡಿ ತಿದ್ದಿದ್ದು ಅಂತಾನೂ ಬರೆದಿದ್ದೀನಿ. ಇನ್ನು ಯಾರೂ ಅನುಮಾನ ಪಡಲ್ಲ. ನಾಲ್ಕು ತಾಲ್ಲೂಕಿನಲ್ಲಿ ಕಡಿಮೆ ಸಾವು ಈ ನರ್ಸಿಂಗ್ ಹೋಂನಲ್ಲೇ, ಮೊದಲನೇ ಜಾಗ ಇವರಿಗೇ ಬರುತ್ತೆ."

ಅವರು ಹೋದ ಮೇಲೆ ಅರುಣಾ ಆ ಹಾಳೆಯ ಮೇಲಿದ್ದ ಒಂದು ಎಂಬ ಅಂಕಿಯನ್ನು ನೋಡುತ್ತಾ ಕೂತಳು. ಅದು ಅವಳೇ ಹಾಕಿದ್ದು, ಆರು ವರ್ಷದಲ್ಲಿ ಅವಳು ಮನೆಗೆ ಹೋಗಿ ಕೇಳಿ ತಿದ್ದಿದ ಒಂದೇ ಒಂದು ನಿಜ. ಇನ್ನೂ ಹನ್ನೊಂದು ಫೋನು ಬಾಕಿ ಇದ್ದವು. ಅವಳು ಮುಂದಿನ ನಂಬರು ಒತ್ತಿ, ಆ ಕಡೆಯವರು ಎತ್ತುವುದನ್ನು ಕಾದಳು.